ದಾನದ ಚಿತ್ರ ಬರೆದ ಅಕ್ಕೋರು

ಕಳೆದ ಚಳಿಗಾಲದಲ್ಲಿ ತೀರಿಕೊಂಡ ನಮ್ಮ ಡ್ರಾಯಿಂಗ್ ಅಕ್ಕೋರನ್ನು ನೆನೆಯಲು ಕುಳಿತರೆ ಅವರ ಮುಖಕ್ಕಿಂತ ಮೊದಲು ಕಣ್ಣೆದುರು ಬರುವುದು ಕುಷ್ಟಗಿಯಲ್ಲಿ ಅವರು ಬಾಡಿಗೆಗಿದ್ದ ಕೋಣೆಯ ಗೋಡೆ. ನಮ್ಮ ಕಡೆ ಮನೆಗಳ ಗೋಡೆಯ ಮೇಲೆ ಏನಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ದೇವರ ಫೋಟೊ, ಹೋದ ಹಿರಿಯರ ಫೋಟೊ, ಬೀಜದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್. ಅಕ್ಕೋರ ಗೋಡೆಯ ಮೇಲೆ ಇವು ಯಾವುವೂ ಇರಲಿಲ್ಲ. ಅಲ್ಲಿದ್ದದ್ದು ಹರಿದ ಬಟ್ಟೆಯ ಮಕ್ಕಳು. ಬೊಗಸೆ ಒಡ್ಡಿದವರು, ತಾಯಿಯ ಹೆಗಲ ಮೇಲಿಂದ ಕೈ ಚಾಚಿದವರು, ಯಾರದೋ ಅಂಗಿಯ ಚುಂಗು ಹಿಡಿದು ನಿಂತವರು. ಎಲ್ಲವೂ ನಾನೂರು ವರ್ಷಗಳಿಗೂ ಹಿಂದೆ ಇಟಲಿ ದೇಶದಲ್ಲಿ ಬರೆದ ವರ್ಣಚಿತ್ರಗಳ ಅಚ್ಚಿನ ಪ್ರತಿಗಳು. ಹುಬ್ಬಳ್ಳಿಯಲ್ಲಿ ಚಿತ್ರಕಲೆ ಕಲಿಯುತ್ತಿದ್ದಾಗ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಹೊಲಿಗೆ ಬಿಟ್ಟ ದೊಡ್ಡ ಪುಸ್ತಕ ಸಿಕ್ಕಿತಂತೆ. ಬೇಕೆನಿಸಿದ ಹಾಳೆಗಳನ್ನು ಬಿಡಿಸಿಕೊಂಡು, ರಟ್ಟಿಗೆ ಅಂಟಿಸಿ, ವರ್ಗವಾದ ಊರಿಗೆಲ್ಲ ಅವನ್ನು ಹೊತ್ತು ತಿರುಗಿದ್ದರು.

ನಾನು ಯಲಬುರ್ಗಿಯವಳು. ಕುಷ್ಟಗಿಯ ಹೈಸ್ಕೂಲಿಗೆ ಕನ್ನಡ ಕಲಿಸಲು ಸೇರಿದ ಹೊಸತರಲ್ಲಿ, ಸ್ಟಾಫ್ ರೂಮಿನ ಮೂಲೆಯ ಕುರ್ಚಿಯಲ್ಲಿ ಒಬ್ಬರೇ ಕುಳಿತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದ ಇವರ ಜೊತೆ ಮಾತಿಗೆ ತೊಡಗಿದ್ದೆ. ಆಗಲೇ ಅವರಿಗೆ ತಲೆಯ ಮುಂಭಾಗ ಬೆಳ್ಳಗಾಗಿತ್ತು. ನಡೆಯುವಾಗ ವರಾಂಡದ ನಡುವೆ ನಡೆಯುತ್ತಿರಲಿಲ್ಲ, ಗೋಡೆಯ ಪಕ್ಕ ಸರಿದು ಹೋಗುತ್ತಿದ್ದರು. ಸೆರಗಿನ ತುದಿಯಲ್ಲಿ ಯಾವಾಗಲೂ ಬಣ್ಣ. ಮಕ್ಕಳಿಗೆ ಅವರು ಡ್ರಾಯಿಂಗ್ ಅಕ್ಕೋರು. ನನಗೂ ಹಾಗೇ ಕರೆದು ರೂಢಿಯಾಯಿತು. ಅವರು ನನ್ನನ್ನು ಕೊನೆಯವರೆಗೂ ‘ಟೀಚರ್’ ಎಂದೇ ಕರೆದರು.

ಮೊದಲ ಸಲ ಅವರ ಕೋಣೆಗೆ ಹೋದಾಗ ಗೋಡೆ ನೋಡಿ ಕೇಳಿದ್ದೆ:

“ಇವೆಲ್ಲ ಭಿಕ್ಷಾ ಬೇಡೋರ ಚಿತ್ರ ಏನ್ರಿ ಅಕ್ಕೋರ?”

“ಅಲ್ರಿ. ಸಾವುಕಾರ್ರ ಚಿತ್ರ ಇವು. ರೊಕ್ಕ ಕೊಟ್ಟು ಬರಿಸಿದೋರು ಅವರು. ಹುಡುಗುರು ಕೈ ಒಡ್ಡಾಕಷ್ಟ ಅದಾವ.”

ಆಮೇಲೆ ಒಂದೊಂದಾಗಿ ತೋರಿಸಿದರು. ಆ ಕಾಲದಲ್ಲಿ ಅಲ್ಲಿ ಬರ, ಪ್ಲೇಗು ಬಂದು ಹಳ್ಳಿಯ ಜನವೆಲ್ಲ ಪಟ್ಟಣಕ್ಕೆ ನುಗ್ಗಿದ್ದರಂತೆ. ಬೀದಿ ತುಂಬ ದಿಕ್ಕಿಲ್ಲದ ಮಕ್ಕಳು. ಉಳ್ಳವರು ಸೇರಿ ಅನಾಥಾಲಯ ಕಟ್ಟಿಸಿದರು, ಗೊತ್ತು ಮಾಡಿದ ದಿನ ರೊಟ್ಟಿ ಹಂಚಿದರು, ಹಂಚುತ್ತಿರುವುದನ್ನು ಚಿತ್ರ ಬರೆಸಿ ಚರ್ಚಿನ ಗೋಡೆಗೆ ಹಾಕಿಸಿದರು. ಕೊಡುವವರ ಮುಖವನ್ನು ಚಿತ್ರಕಾರ ಮುಂದೆ ಕೂಡಿಸಿಕೊಂಡು ಕಷ್ಟಪಟ್ಟು ಬರೆಯುತ್ತಿದ್ದ. ನಾಳೆ ಮೊಮ್ಮಕ್ಕಳು ಗುರುತು ಹಿಡಿಯಬೇಕಲ್ಲ. ಬೇಡುವವರನ್ನು ಯಾರು ಗುರುತು ಹಿಡಿಯಬೇಕು?

“ಕೈ ನೋಡ್ರಿ ಟೀಚರ್,” ಎಂದು ಬೆರಳಿಂದ ಗೆರೆ ಎಳೆದು ತೋರಿಸಿದರು. “ಎಲ್ಲಾದ್ರಾಗೂ ಕೈ ಮ್ಯಾಲಿಂದ ಕೆಳಗ ಬರ್ತದ. ಕೊಡಾವ ಮೆಟ್ಲ ಮ್ಯಾಲ ನಿಂತಿರ್ತಾನ. ಇಸ್ಕೊಳ್ಳೋದು ನೆಲದ ಮ್ಯಾಲ.”

ಅವುಗಳಲ್ಲಿ ಒಂದನ್ನು ಅವರು ಹಾಸಿಗೆಯಿಂದ ಕಾಣುವ ಹಾಗೆ ಹಾಕಿದ್ದರು. ಕಪ್ಪು ನಿಲುವಂಗಿಯ ಮುದಿ ಗೃಹಸ್ಥನೊಬ್ಬ ಬುಟ್ಟಿಯಿಂದ ರೊಟ್ಟಿ ತೆಗೆದು ಕೊಡುತ್ತಿದ್ದಾನೆ. ಕೆಳಗೆ ಕೈಗಳೋ ಕೈಗಳು. ಬಲಗಡೆಯ ಅಂಚಿನಲ್ಲಿ ಏಳೆಂಟು ವರ್ಷದ ಹುಡುಗಿ. ಅವಳಿಗೆ ಆಗಲೇ ರೊಟ್ಟಿ ಸಿಕ್ಕಿದೆ. ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದಾಳೆ, ಆದರೆ ತಿನ್ನುತ್ತಿಲ್ಲ. ನಮ್ಮನ್ನು ನೋಡುತ್ತಿದ್ದಾಳೆ.

“ಈಕಿ ಯಾಕ ತಿನ್ನಾಕತ್ತಿಲ್ಲ ಹೇಳ್ರಿ,” ಎಂದರು.

“ಮನ್ಯಾಗ ತಮ್ಮ-ತಂಗಿ ಇರಬೇಕು. ಒಯ್ಯಾಕ ಇಟ್ಕೊಂಡಾಳ.”

“ನೀವು ಕನ್ನಡ ಟೀಚರ್, ಹಂಗ ಅಂತೀರಿ. ಅದೇನಿಲ್ರಿ. ಚಿತ್ರ ಇನ್ನಾ ಮುಗಿದಿಲ್ಲ. ತಿಂದಳಂದ್ರ ರೊಟ್ಟಿ ಹೋಗ್ತದ. ಬರಿಯಾವ ತಿನಬ್ಯಾಡ ಅಂದಾನ.”

ಅವರು ಇದನ್ನು ನಗುತ್ತಲೇ ಹೇಳಿದ್ದರು. ಯಾಕೆ ಹಾಗೆ ಅನ್ನಿಸಿತು ಅವರಿಗೆ ಎಂಬುದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ, ನಾವಿಬ್ಬರೂ ಹುಲಿಗಿಗೆ ಹೋದಾಗ.

ಅಲ್ಲಿಯ ದೇವಿ ಅಮ್ಮನಿಗೆ ನನ್ನದೊಂದು ಹರಕೆ ಇತ್ತು, ಜೊತೆಗೆ ಬನ್ನಿ ಎಂದು ಕರೆದಿದ್ದೆ. ಅವರು ಬಂದರು, ಗುಡಿಯೊಳಗೆ ಬರಲಿಲ್ಲ. ದರ್ಶನ ಮುಗಿಸಿ ಹೊರಬಂದರೆ ಹೊಳೆಗೆ ಇಳಿಯುವ ದಾರಿಯಲ್ಲಿ, ಕಾಯಿ ಅಂಗಡಿಗಳ ಸಾಲಿನ ಕೊನೆಗೆ, ನೆಲದ ಮೇಲೆ ಕುಳಿತಿದ್ದಾರೆ. ಎದುರಿಗೆ ಬೇಡಲು ಬಂದ ಒಂದು ಹುಡುಗಿ. ಇಬ್ಬರ ನಡುವೆ ಪೇಪರಿನಲ್ಲಿ ಮಂಡಕ್ಕಿ, ಮಿರ್ಚಿ. ಇಬ್ಬರೂ ತಿನ್ನುತ್ತಿದ್ದಾರೆ. ಭಕ್ತರು ಸುತ್ತು ಹಾಕಿಕೊಂಡು ದಾಟಿ ಹೋಗುತ್ತಿದ್ದಾರೆ. ಅಕ್ಕೋರು ಯಾರಿಗೂ ನಿಂತುಕೊಂಡು ಏನನ್ನೂ ಕೊಟ್ಟದ್ದನ್ನು ನಾನು ಕಂಡಿಲ್ಲ. ಕೊಡುವುದಿದ್ದರೆ ಕುಳಿತುಬಿಡುತ್ತಿದ್ದರು.

ಹುಡುಗಿ ಎದ್ದು ಹೋದ ಮೇಲೆ ಕೈ ಒರೆಸಿಕೊಳ್ಳುತ್ತ, “ನಾ ಸಿಕ್ಕಿದ್ದು ಇಲ್ಲೇ ಅಂತ್ರಿ,” ಎಂದರು. “ಒಂದು ಹುಣ್ಣವಿಗೆ. ಮಂದಿ ಎಲ್ಲಾ ಹೋದ ಮ್ಯಾಲ ಹೊಳಿ ದಂಡಿ ಮ್ಯಾಲ ಒಂದು ಕೂಸು ಉಳೀತಂತ. ಮರತು ಹೋಗಿದ್ರೋ, ಬಿಟ್ಟು ಹೋಗಿದ್ರೋ, ಗೊತ್ತಿಲ್ಲ.”

ಬಸ್ಸಿಗೆ ಕಾಯುತ್ತ ಕುಳಿತಾಗ ಉಳಿದದ್ದನ್ನು ಹೇಳಿದರು. ಬೆಳೆದದ್ದು ಒಂದು ಅನಾಥಾಲಯದಲ್ಲಿ. ಹೊಡೆತ ಬಡಿತ ಏನಿರಲಿಲ್ಲ, ಒಳ್ಳೆಯವರೇ ಇದ್ದರು. ಊರಿನ ದೊಡ್ಡವರ ಮನೆಯಲ್ಲಿ ಹುಟ್ಟಿದ ದಿನವೋ ತಿಥಿಯೋ ಇದ್ದರೆ ಸಿಹಿ ಹಂಚಲು ಬರುತ್ತಿದ್ದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈಗೂ ಲಾಡು. ಫೋಟೊದವನು ಬರುವುದು ಯಾವಾಗಲೂ ತಡ. ಅಲ್ಲಿಯವರೆಗೆ ತಿನ್ನುವ ಹಾಗಿಲ್ಲ. ಬೇಸಗೆಯ ಮಧ್ಯಾಹ್ನ, ಲಾಡು ಬೆವರಿ ಬೆರಳ ಸಂದಿಯಲ್ಲಿ ತುಪ್ಪ ಇಳಿಯುತ್ತಿತ್ತು.

“ನೆಕ್ಕಿದ್ರೂ ಬೈತಿದ್ರು,” ಎಂದರು. “ಫೋಟೊದಾಗ ಎಲ್ಲಾರೂ ನಗಬೇಕು. ನಗ್ತಿದ್ವಿ. ಆಮ್ಯಾಲ ತಿಂದ್ರ ಅದು ಲಾಡೂನ ಅನಸ್ತಿರಲಿಲ್ಲ.”

ಕಾಲೇಜಿನಲ್ಲಿ ಆ ಪುಸ್ತಕ ತೆರೆದು, ಅಂಚಿನಲ್ಲಿ ರೊಟ್ಟಿ ಹಿಡಿದು ನಿಂತ ಹುಡುಗಿಯನ್ನು ನೋಡಿದಾಗ ಅವರಿಗೆ ಗುರುತು ಸಿಕ್ಕಿತ್ತು. ಬೇರೆಯವರಿಗೆ ಬಣ್ಣ, ಬೆಳಕು ಕಂಡಿರಬೇಕು.

ಅದಾದ ಮೇಲೆ ಅವರ ಕೆಲವು ರೀತಿಗಳು ನನಗೆ ಅರ್ಥವಾಗತೊಡಗಿದವು. ಮಕ್ಕಳಲ್ಲಿ ಒಬ್ಬರನ್ನು ಮುಂದೆ ಕೂಡಿಸಿ ಉಳಿದವರಿಂದ ಚಿತ್ರ ಬರೆಸುವಾಗ, ಕೂರುವ ಮಗುವಿಗೆ ಮೊದಲೇ ತಿನ್ನಲು ಕೊಡುತ್ತಿದ್ದರು. “ಹಸಿದ ಮುಖ ಬರಿಯಾಕ ಸಸಾರ. ಉಂಡ ಮುಖ ಬರದು ತೋರಸ್ರಿ,” ಎನ್ನುತ್ತಿದ್ದರು. ಇಟಗಿಯ ಮಹಾದೇವ ಗುಡಿಗೆ ಮಕ್ಕಳನ್ನು ಕರೆದೊಯ್ದಾಗ ನಾವೆಲ್ಲ ಕಂಬ, ಛತ್ತು ನೋಡುತ್ತಿದ್ದರೆ ಅವರು ಬಗ್ಗಿ ಬಗ್ಗಿ ಗೋಡೆಯ ಕೆಳಭಾಗದ ಸಣ್ಣ ಗೊಂಬೆಗಳನ್ನು ಹುಡುಕುತ್ತಿದ್ದರು. ನೀರು ಹೊರುವವಳು, ಕೂಸು ಎತ್ತಿದವಳು ಎಲ್ಲಾದರೂ ಇದ್ದಾಳೇನೋ ಎಂದು. ಒಂದೂ ಸಿಗದೆ, “ದೇವರ ಭಾಳ ಅದಾರ ಇಲ್ಲಿ,” ಎಂದು ಬಂದು ನೆರಳಲ್ಲಿ ಕುಳಿತರು.

ಮದುವೆ ಮುಂಜಿಯ ಊಟಕ್ಕೆ ಬರುತ್ತಿರಲಿಲ್ಲ. ಸಾಲಿನಲ್ಲಿ ಕುಳಿತರೆ ತುತ್ತು ಇಳಿಯುವುದಿಲ್ಲ ಎನ್ನುತ್ತಿದ್ದರು. ಹಬ್ಬದ ದಿನ ಓಣಿಯವರು ಹೋಳಿಗೆ ಕಳಿಸಿದರೆ ತಾಟನ್ನು ಖಾಲಿ ಹಿಂತಿರುಗಿಸುತ್ತಿರಲಿಲ್ಲ. ಬೇರೆಯವರು ಸಕ್ಕರೆಯೋ ಬಾಳೆಹಣ್ಣೋ ಇಟ್ಟು ಕಳಿಸುತ್ತಾರೆ. ಇವರು ಆ ಮನೆಯ ಮಗುವಿನ ಮುಖವನ್ನು ಅಂಗೈಯಗಲದ ಕಾಗದದಲ್ಲಿ ಬರೆದು ಇಡುತ್ತಿದ್ದರು. ಆ ಓಣಿಯಲ್ಲಿ ಚಿತ್ರವಿಲ್ಲದ ಮನೆ ಇರಲಿಲ್ಲ. ಆದರೂ ಯಾರೂ ಅವರ ಮನೆಗೆ ಬಂದು ಕುಳಿತದ್ದನ್ನು ನಾನು ಕಾಣೆ. ಯಾವ ಊರು, ಯಾವ ಮಂದಿ ಎಂದು ಕೇಳಿದರೆ “ಗೊತ್ತಿಲ್ರಿ” ಎಂದುಬಿಡುತ್ತಿದ್ದರಲ್ಲ, ಅದರ ಮುಂದೆ ಏನು ಮಾತಾಡುವುದೆಂದು ಜನಕ್ಕೆ ತೋಚುತ್ತಿರಲಿಲ್ಲ. ಒಂದು ಸುಳ್ಳು ಹೇಳಿದ್ದರೆ ಬಾಡಿಗೆ ಮನೆಗಳಾದರೂ ಬೇಗ ಸಿಗುತ್ತಿದ್ದವು. ಹೇಳಲಿಲ್ಲ.

ಅವರ ನಿವೃತ್ತಿ ಹತ್ತಿರ ಬಂದಾಗ ನಮ್ಮ ಶಾಲೆಗೆ ಬಿಸಿಯೂಟದ ಹಾಲ್ ಕಟ್ಟಿಸಿಕೊಡಲು ಒಬ್ಬ ದೊಡ್ಡ ಮನುಷ್ಯ ಮುಂದೆ ಬಂದರು. ಹನುಮಸಾಗರದವರು, ಗ್ರಾನೈಟ್ ಕಲ್ಲಿನ ವ್ಯಾಪಾರದಲ್ಲಿ ಬೆಳೆದವರು. ಎಲ್ಲರೂ ಅವರನ್ನು ಸಾವುಕಾರ್ರು ಎಂದೇ ಕರೆಯುತ್ತಿದ್ದರು. ತಾಯಿಯ ಹೆಸರಲ್ಲಿ ಹಾಲ್. ಅದರ ದೊಡ್ಡ ಗೋಡೆಯ ಮೇಲೆ, ತಾಯಿ ಬಡಮಕ್ಕಳಿಗೆ ಅನ್ನದಾನ ಮಾಡುವ ಚಿತ್ರ ಆಗಬೇಕು ಎಂಬುದು ಅವರ ಆಸೆ. ಹೆಡ್ ಮಾಸ್ತರರು ಅಂಜುತ್ತಲೇ ಅಕ್ಕೋರನ್ನು ಕೇಳಿದರು. ಒಲ್ಲೆ ಎನ್ನುತ್ತಾರೆ ಎಂದೇ ನಾನು ತಿಳಿದಿದ್ದೆ. ಅವರು, “ಆ ಅವ್ವಾರ ಫೋಟೊ ಕೊಡ್ರಿ,” ಎಂದರು.

ಫೋಟೊ ಇರಲಿಲ್ಲ. ತಾಯಿ ಬಹಳ ಹಿಂದೆ ಹೋದವರು, ಯಾರೂ ಫೋಟೊ ತೆಗೆಸಿರಲಿಲ್ಲ. ಹಾಗಾದರೆ ಮನೆಗೆ ಹೋಗಿ ಕೇಳಿಕೊಂಡು ಬರೋಣ ಎಂದು ನನ್ನನ್ನೂ ಹೊರಡಿಸಿದರು.

ಹನುಮಸಾಗರದ ಆ ಮನೆ ಕೆಂಪು ಕಲ್ಲು ಹೊಳೆಯುವ ದೊಡ್ಡ ಮನೆ. ಸಾಹುಕಾರರು ಸೋಫಾದಲ್ಲಿ ಕುಳಿತು ತಾಯಿಯನ್ನು ವರ್ಣಿಸಿದರು. ದುಂಡು ಮೈ, ಕೈತುಂಬ ಬಂಗಾರ, ಇಳಕಲ್ ಸೀರೆ, ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಕಳಿಸಿದವರಲ್ಲ. ಅಕ್ಕೋರು ಕೈಯಲ್ಲಿ ಪೆನ್ಸಿಲ್ ಹಿಡಿದು ಕೇಳುತ್ತಿದ್ದರು, ಒಂದು ಗೆರೆಯನ್ನೂ ಎಳೆಯಲಿಲ್ಲ. ಸಾಹುಕಾರರಿಗೆ ಫೋನ್ ಬಂದು ಹೊರಗೆ ಹೋದಾಗ ಒಳಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅವರ ಚಿಗವ್ವ, ಅಂದರೆ ತಾಯಿಯ ತಂಗಿ, ಕೂಗಿ ಕರೆದರು.

“ಅವ ಹೇಳಿದ್ದು ನಮ್ಮಕ್ಕ ಅಲ್ಲವಾ,” ಎಂದರು ಆ ಮುದುಕಿ. “ಯಾರೋ ಸಿನಿಮಾದಾಗಿನಾಕಿ. ಆಕಿಗೆ ಎಲ್ಲೀ ಬಂಗಾರ? ಗಂಡ ಹೋದ ಮ್ಯಾಲ ಮೂರು ಕೂಸು ಕಟಗೊಂಡು ಮನಿಮನಿ ತಂಗಳು ಇಸಗೊಂಡು ಬಂದು ಜ್ವಾಪಾನ ಮಾಡಿದ್ಲು.”

“ಮುಖ ಹ್ಯಾಂಗಿತ್ತು ಅವ್ವಾ?” ಎಂದು ಅಕ್ಕೋರು ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತರು.

ಮುದುಕಿ ಹೇಳುತ್ತಾ ಹೋದರು. ಗಲ್ಲದ ಮೇಲೆ ಹಚ್ಚೆಯ ಬೊಟ್ಟು. ಎಡ ಹುಬ್ಬಿನಲ್ಲಿ ಬಿದ್ದ ಗಾಯದ ಕಲೆ, ಅಲ್ಲಿ ಕೂದಲು ಬೆಳೆಯುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಕೆಳತುಟಿ ಒಳಗೆ ಎಳೆದುಕೊಳ್ಳುವ ರೂಢಿ. ರೊಟ್ಟಿ ಮುರಿಯುವಾಗ ಮಕ್ಕಳ ಮುಖ ನೋಡದೆ ರೊಟ್ಟಿಯನ್ನೇ ನೋಡುತ್ತಿದ್ದಳು, ತುಂಡು ಹೆಚ್ಚುಕಮ್ಮಿ ಆಗಬಾರದೆಂದು. ಅಕ್ಕೋರ ಪೆನ್ಸಿಲ್ ಆಗ ಓಡಿತು. ಬರೆದದ್ದನ್ನು ತೋರಿಸಿದರೆ ಮುದುಕಿ ಕಾಗದದ ಮೇಲೆ ಕೈ ಆಡಿಸಿ, “ಬಾಯಿ ಇನ್ನಾ ಸಣ್ಣದು,” ಎಂದರು. ಅಕ್ಕೋರು ತಿದ್ದಿದರು. ಮತ್ತೆ ತೋರಿಸಿದಾಗ ಮುದುಕಿ ನೋಡಿ, ಆಚೆ ಮಗ್ಗುಲಾದರು.

ಬೇಸಗೆ ರಜೆ ಪೂರ್ತಿ ಅಕ್ಕೋರು ಆ ಹಾಲಿನಲ್ಲಿ ಒಬ್ಬರೇ ಕೆಲಸ ಮಾಡಿದರು. ಯಾರಿಗೂ ತೋರಿಸಲಿಲ್ಲ, ಗೋಡೆಗೆ ಹಳೆ ಪರದೆ ಇಳಿಬಿಟ್ಟಿದ್ದರು. ನಾನು ಬುತ್ತಿ ಒಯ್ದ ದಿನ ಮಾತ್ರ ಪರದೆಯ ಒಂದು ತುದಿ ಎತ್ತಿದರು. ಅವರ ಕೋಣೆಯಲ್ಲಿದ್ದ ಇನ್ನೊಂದು ಚಿತ್ರ ನನಗೆ ನೆನಪಾಯಿತು. ಹೆಂಗಸೊಬ್ಬಳು ಕುಳಿತಿದ್ದಾಳೆ, ಒಂದು ಕೂಸು ಮೊಲೆ ಉಣ್ಣುತ್ತಿದೆ, ಒಂದು ತೊಡೆಯ ಮೇಲೆ ಮಲಗಿದೆ, ಇನ್ನೊಂದು ಬೆನ್ನ ಹಿಂದಿನಿಂದ ಸೆರಗು ಎಳೆಯುತ್ತಿದೆ. ಆ ದೇಶದ ಚಿತ್ರಕಾರರು ದಾನ ಎಂಬುದಕ್ಕೆ ರೂಪ ಕೊಡಬೇಕಾದಾಗ ಬರೆಯುತ್ತಿದ್ದದ್ದು ಇವಳನ್ನಂತೆ.

“ಹೆಸರು ದಾನ ಅಂತನ ಐತಿ ನೋಡ್ರಿ,” ಎಂದು ಕೋಣೆಯಲ್ಲಿ ಅದನ್ನು ತೋರಿಸುವಾಗ ಅವರು ಹೇಳಿದ್ದರು. “ಇದರಾಗ ಮ್ಯಾಲಿಂದ ಬರೋ ಕೈ ಇಲ್ಲ. ಯಾರ ಬೇಡಾಕತ್ತಾರ, ಯಾರ ಕೊಡಾಕತ್ತಾರ, ಗೊತ್ತ ಆಗಂಗಿಲ್ಲ.”

ಹಾಲಿನ ಗೋಡೆಯ ಮೇಲೆ ಬಂದವಳು ಅಂಥವಳೇ. ನಮ್ಮ ಊರಿನ ಕಟ್ಟೆ, ನಮ್ಮ ಬಿಸಿಲು. ತೇಪೆ ಹಾಕಿದ ಸೀರೆ. ಮೂರು ಮಕ್ಕಳು ಅವಳ ಮೈಮೇಲೆ ಹತ್ತಿ ಇಳಿಯುತ್ತಿವೆ. ಅವಳು ಕೆಳತುಟಿ ಒಳಗೆಳೆದುಕೊಂಡು ರೊಟ್ಟಿ ಮುರಿಯುತ್ತಿದ್ದಾಳೆ. ಹುಬ್ಬಿನಲ್ಲಿ ಕಲೆ.

“ಸಾವುಕಾರ್ರು ಒಪ್ಪತಾರೇನ್ರಿ?” ಎಂದೆ.

“ಮುಖ ನೋಡಿದ್ರ ಒಪ್ಪತಾರ,” ಎಂದರು. ಅವರಿಗೆ ಆ ನಂಬಿಕೆ ಪೂರಾ ಇತ್ತು. ಅಷ್ಟು ಹುರುಪಿನಿಂದ ಇದ್ದದ್ದನ್ನು ನಾನು ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಉದ್ಘಾಟನೆಯ ದಿನ ಸಾಹುಕಾರರೇ ಪರದೆ ಸರಿಸಿದರು. ನೆರೆದವರು ಚಪ್ಪಾಳೆ ತಟ್ಟಿದರು, ತಟ್ಟುತ್ತಿದ್ದಂತೆ ನಿಲ್ಲಿಸಿದರು. ಫೋಟೊದವನು ಮುಂದೆ ಬಂದಾಗ ಸಾಹುಕಾರರು ಕ್ಯಾಮರಾಕ್ಕೆ ಕೈ ಅಡ್ಡ ಹಿಡಿದರು. ಬಂದವರಲ್ಲಿ ಅನೇಕರು ಹೊರಗೆ ಶಾಮಿಯಾನಕ್ಕೆ ಹೋದ ಮೇಲೆ ಸಾಹುಕಾರರು ಅಕ್ಕೋರ ಹತ್ತಿರ ಬಂದರು. ದನಿ ಏರಿಸಲಿಲ್ಲ.

“ನಾ ಹೇಳಿದ್ದು ಏನು ಅಕ್ಕೋರ, ನೀವು ಬರದಿದ್ದು ಏನು?”

“ದಾನದ ಚಿತ್ರ ಕೇಳಿದ್ರಿ. ಇದು ಅದ ಐತ್ರಿ.”

“ಹರಕ ಸೀರಿ ಉಡಿಸಿ ನಮ್ಮವ್ವನ್ನ ಊರ ಮುಂದ ಕುಂದ್ರಿಸಿರಿ.”

“ಸೀರಿ ಬದಲ ಮಾಡ್ತೀನಿ, ಬೇಕಾದ್ರ. ಮುಖ ನೋಡ್ರಿ ಸಾವುಕಾರ್ರ. ಮುಖ ಹೌದೋ ಅಲ್ಲೋ, ಅಷ್ಟ ಹೇಳ್ರಿ.”

ಸಾಹುಕಾರರು ಗೋಡೆಯ ಕಡೆ ತಿರುಗಲಿಲ್ಲ. “ಹೆಡ್ ಮಾಸ್ತರ್ರ, ಇದನ್ನ ತಗಸ್ರಿ,” ಎಂದು ಹೇಳಿ ಊಟ ಮಾಡದೆ ಕಾರು ಹತ್ತಿದರು.

ಮರುದಿನವೇ ಸುಣ್ಣ ಹೊಡೆಯುವವರು ಬಂದರು. ಹೆಡ್ ಮಾಸ್ತರರು ಅಕ್ಕೋರ ಎದುರು ನಿಂತು, “ನಾ ಏನ ಮಾಡ್ಲಿ, ಹಾಲ್ ಅವರದು,” ಎಂದರು. ಅಕ್ಕೋರು ತಲೆಯಾಡಿಸಿದರು. ಕೆಲಸದವರು ಹೋದ ಮೇಲೂ ಹಾಲಿನಲ್ಲಿ ಬಣ್ಣದ ಡಬ್ಬಿಯ ಮೇಲೆ ಕುಳಿತೇ ಇದ್ದರು. ಕರೆಯಲು ಹೋದ ನನಗೆ ಕೈಸನ್ನೆ ಮಾಡಿ ಕೂರಲು ಹೇಳಿದರು.

“ಸುಣ್ಣ ಹಸಿ ಇರೋತನ ಒಳಗಿಂದು ಕಾಣ್ತೈತ್ರಿ,” ಎಂದರು. “ಒಣಗಿದಂಗ ಬೆಳ್ಳಗ ಆಗ್ತದ.”

ನಿಜವಾಗಿ ಕಾಣುತ್ತಿತ್ತು. ಒದ್ದೆ ಸುಣ್ಣದೊಳಗೆ ಆ ಹೆಂಗಸು, ಮಕ್ಕಳು ಮಂಜಿನಲ್ಲಿ ಕುಳಿತ ಹಾಗೆ ಇದ್ದರು. ಬಿಸಿಲು ಜೋರಿತ್ತು. ಮೇಲಿನಿಂದ ಒಣಗುತ್ತ ಬಂದು ಮೊದಲು ಕಟ್ಟೆಯ ಹಿಂದಿನ ಮರ ಹೋಯಿತು, ಆಮೇಲೆ ಅವಳ ತಲೆ, ಹೆಗಲು. ಕೊನೆಗೆ ಉಳಿದದ್ದು ಮಲಗಿದ ಕೂಸಿನ ಕಾಲು. ಅದೂ ಹೋದ ಮೇಲೆ ಅಕ್ಕೋರು ಎದ್ದು ಸೀರೆ ಕೊಡವಿಕೊಂಡು, “ನಡ್ರಿ,” ಎಂದರು. ಆ ವಿಷಯ ಮತ್ತೆ ಎತ್ತಲಿಲ್ಲ. ತರಗತಿಯಲ್ಲಿ ಮಕ್ಕಳಿಗೆ ಕಲಿಸುವುದನ್ನು ಬಿಟ್ಟರೆ ತಮ್ಮದೆಂದು ಮತ್ತೆ ಏನನ್ನೂ ಬರೆಯಲಿಲ್ಲ. ಹೋಳಿಗೆಯ ತಾಟುಗಳು ಸಕ್ಕರೆ ಹೊತ್ತು ಹಿಂತಿರುಗತೊಡಗಿದವು.

ನಿವೃತ್ತಿಯಾದ ಮೇಲೆ ಕೊಪ್ಪಳಕ್ಕೆ ಹೋದರು. ಅಲ್ಲಿ ಕಣ್ಣಿನ ಡಾಕ್ಟರು ಹತ್ತಿರ ಎಂಬುದೊಂದೇ ಕಾರಣ. ಕಣ್ಣಿನ ನರ ಒಣಗುತ್ತಿದೆ ಎಂದು ಹೇಳಿದ್ದರಂತೆ. ನಾನು ತಿಂಗಳಿಗೊಮ್ಮೆ ಹೋಗಲು ನೋಡುತ್ತಿದ್ದೆ, ಎಷ್ಟೋ ತಿಂಗಳು ಆಗುತ್ತಿರಲಿಲ್ಲ. ಹೋದಾಗ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ರಸ್ತೆಯ ಸದ್ದು ಕೇಳುತ್ತ ಕುಳಿತಿರುತ್ತಿದ್ದರು. ಹಿಂದೆ ಗೋಡೆಯ ಮೇಲೆ ಅದೇ ಚಿತ್ರಗಳು. “ಕೊಳವಿಯೊಳಗಿಂದ ನೋಡಿದಂಗ ಆಗ್ತದ. ಒಂದೀಟ ಕಾಣ್ತದ, ಸುತ್ತ ಎಲ್ಲಾ ಕತ್ತಲ,” ಎಂದು ಒಮ್ಮೆ ಹೇಳಿದರು. ಇಡೀ ದಿನ ಯಾರ ಜೊತೆಯೂ ಮಾತಿಲ್ಲದೆ ಹೋದದ್ದು ಅವರ ದನಿಯಲ್ಲೇ ತಿಳಿಯುತ್ತಿತ್ತು. ಮೊದಲ ಎರಡು ಮಾತು ಒಡೆದು ಬರುತ್ತಿದ್ದವು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸಾಹುಕಾರರು ನಮ್ಮ ಶಾಲೆಗೆ ಬಂದರು. ಮುಪ್ಪಾಗಿದ್ದರು. ಹಾಲ್ ನೋಡಲು ಬಂದರೇನೋ ಎಂದುಕೊಂಡರೆ ನನ್ನನ್ನೇ ಹುಡುಕಿಕೊಂಡು ಬಂದಿದ್ದರು.

“ಆ ಡ್ರಾಯಿಂಗ್ ಅಕ್ಕೋರು ಈಗ ಎಲ್ಲದಾರ್ರಿ ಟೀಚರ್?”

ನಾನು ಯಾಕೆಂದು ಕೇಳಲಿಲ್ಲ. ಅವರ ಕಾರಿನಲ್ಲೇ ಕೊಪ್ಪಳಕ್ಕೆ ಕರೆದುಕೊಂಡು ಹೋದೆ. ದಾರಿಯಲ್ಲಿ ಅವರು ಹೇಳಿದ್ದು ಒಂದೇ ಮಾತು: “ಚಿಗವ್ವನೂ ಹೋದಳು.”

ಅಕ್ಕೋರಿಗೆ ಬಂದವರು ಯಾರೆಂದು ನಾನು ಹೇಳಬೇಕಾಯಿತು. ಅವರು ಕುರ್ಚಿಯಿಂದ ಏಳಲಿಲ್ಲ. ಸಾಹುಕಾರರು ಮಂಚದ ಅಂಚಿಗೆ ಕುಳಿತರು.

“ಆ ಚಿತ್ರ ಮತ್ತೊಮ್ಮೆ ಬರದು ಕೊಡ್ರಿ ಅಕ್ಕೋರ,” ಎಂದರು. “ಗ್ವಾಡಿ ಕೆರಿಸಿ ನೋಡಿದೆ. ಸುಣ್ಣದ ಕೂಡ ಬಣ್ಣನೂ ಉದರತದ. ಆವತ್ತು ಫೋಟೊ ತಗಿಯಾಕ ಬಂದವನ್ನ ನಾನ ತಡದೆ.”

“ನನಗ ಕಣ್ಣು ಹೋಗ್ಯಾವ್ರಿ. ಬರಿಯಾಕ ಆಗಂಗಿಲ್ಲ. ನಿಮಗ ಮುಖ ನೆನಪಿಲ್ಲೇನು?”

“ಐತಿ ಅನ್ಕೊಂಡಿದ್ದೆ. ಆಕಿ ಹೋದಾಗ ನಾ ಸಣ್ಣಾಂವ. ಈಗ ಕಣ್ಣು ಮುಚ್ಚಿದ್ರ ನೀವು ಬರದಿದ್ದ ಬರ್ತದ. ಅದೂ ಮಾಸಾಕತ್ತೈತಿ.”

ಅಕ್ಕೋರು ಎರಡೂ ಕೈಯನ್ನು ಮೇಲೆತ್ತಿ ಗಾಳಿಯಲ್ಲಿ ಒಂದು ಮುಖದಷ್ಟು ಅಳತೆ ಹಿಡಿದರು. ಆಮೇಲೆ ಬೆರಳಿಂದ ಬರೆಯುತ್ತ ಹೇಳತೊಡಗಿದರು. ಹಣೆ ಇಷ್ಟಗಲ. ಇಲ್ಲಿ ಹುಬ್ಬು, ಇಲ್ಲಿ ಕಲೆ. ಕಣ್ಣು ಒಳಗೆ ಹೋಗಿದ್ದವು. ಮೂಗು ನೆಟ್ಟಗೆ. ಸಾಹುಕಾರರು ಮುಂದಕ್ಕೆ ಬಾಗಿ ಆ ಬೆರಳನ್ನೇ ನೋಡುತ್ತಿದ್ದರು.

“ಮೂಗ ನೆಟ್ಟಗ ಇರಲಿಲ್ರಿ,” ಎಂದರು ಮೆಲ್ಲಗೆ. “ತುದಿ ಒಂಚೂರು ಬಲಕ್ಕ.”

“ಹೌದ? ನಿಮ್ಮ ಚಿಗವ್ವ ಹೇಳಲಿಲ್ಲ ಅದನ್ನ. ಮತ್ತೇನಿತ್ತು, ಹೇಳ್ರಿ.”

ಅವರು ಹೇಳಿದರು. ಮೊದಲು ಮೂಗು, ಕಿವಿ ಎನ್ನುತ್ತ ಇದ್ದವರು ಯಾವಾಗಲೋ ಬೇರೆ ಮಾತಿಗೆ ಹೋದರು. ತಾಯಿ ಮನೆಮನೆಗೆ ಹೋಗುವಾಗ ತಂಗಿಯರನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗುತ್ತಿದ್ದಳಂತೆ, ಇವರನ್ನು ಮಾತ್ರ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂಡಿಸಿ ಹೋಗುತ್ತಿದ್ದಳು. ಇವರು ಹಿಂದೆ ಓಡಿದರೆ ಕಲ್ಲು ತೋರಿಸಿ ಹೆದರಿಸುತ್ತಿದ್ದಳು.

“ನೀ ಬರಬ್ಯಾಡ ಅಂತಿದ್ಲು. ಇವು ಕೂಸು, ಮರೀತಾವು. ನೀ ನೋಡಿದ್ರ ಮರಿಯಂಗಿಲ್ಲ, ಕಟ್ಟಿ ಮ್ಯಾಲ ಕುಂದ್ರು ಅಂತಿದ್ಲು. ಕುಂತ ನೋಡ್ತಿದ್ದೆ. ಎಲ್ಲಾ ಕಾಣ್ತಿತ್ತು ಅಲ್ಲಿಂದ.” ಅವರು ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. “ಇದನ್ನ ನನ್ನ ಹೇಣ್ತಿ ಮುಂದನೂ ಅಂದಿಲ್ರಿ ನಾ.”

ಅಕ್ಕೋರ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ನಿಧಾನ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡರು.

“ನಾ ತಪ್ಪ ಬರದಿದ್ದೆ,” ಎಂದರು. “ಮೂರೂ ಹುಡುಗುರನ್ನ ಆಕಿ ಮೈಮ್ಯಾಲ ಕುಂದ್ರಿಸಿದ್ದೆ. ಒಂದನ್ನ ದೂರ ಇಡಬೇಕಿತ್ತು.”

ಹೊರಡುವಾಗ ಸಾಹುಕಾರರು, ನಿಮಗೇನಾದರೂ ಬೇಕಾ ಎಂದು ಕೇಳಿದರು. ಆಳು ಇಡುತ್ತೇನೆ, ದೊಡ್ಡ ಡಾಕ್ಟರಿಗೆ ತೋರಿಸುತ್ತೇನೆ ಎಂದರು. ಅಕ್ಕೋರು ಬೇಡವೆಂದರು. “ಬರೂದಾದ್ರ ಬರ್ರಿ. ಬರಿಗೈಲೆ ಬರ್ರಿ,” ಎಂದರು.

ಆಮೇಲೆ ಸಾಹುಕಾರರು ಆಗಾಗ ಬರುತ್ತಿದ್ದರೆಂದು ಮನೆಯ ಮಾಲಕಿ ಹೇಳಿದಳು. ಇಬ್ಬರೂ ಬಾಗಿಲ ಹತ್ತಿರ ಕೂರುತ್ತಿದ್ದರು, ಮಾತು ಕಡಿಮೆ. ಚಹಾ ಮಾಡುತ್ತಿದ್ದದ್ದು ಅಕ್ಕೋರೇ, ತಡವರಿಸುತ್ತ. ಸಾಹುಕಾರರು ಎದ್ದು ನೆರವಾಗಲು ಹೋದರೆ ಕುಳಿತುಕೊಳ್ಳಲು ಹೇಳುತ್ತಿದ್ದರಂತೆ.

ಚಳಿ ಬಿದ್ದ ಮೇಲೆ ಒಂದು ಮುಂಜಾನೆ ಅಕ್ಕೋರು ಬಾಗಿಲು ತೆಗೆಯಲಿಲ್ಲ. ಮಾಲಕಿ ಫೋನ್ ಮಾಡಿದ್ದರಿಂದ ನಾನು ಹೋದೆ. ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ ಹಾಗೇ ಹೋಗಿದ್ದರು. ಓಣಿಯ ಹಿರಿಯರು ನಾಲ್ಕಾರು ಜನ ಸೇರಿದ್ದರು. ಒಳ್ಳೆಯವರೇ. ಹೂಳುವುದೋ ಸುಡುವುದೋ, ಯಾವ ರುದ್ರಭೂಮಿ, ಯಾರ ಪದ್ಧತಿ ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಒಬ್ಬರು ನಮ್ಮಲ್ಲಿ ಆಗುವುದಿಲ್ಲ ಎಂದು ನಯವಾಗಿ ಹೇಳಿದರು, ಇನ್ನೊಬ್ಬರು ಪುರಸಭೆಯವರಿಗೆ ತಿಳಿಸೋಣ ಎಂದರು. ಮಧ್ಯಾಹ್ನದ ತನಕ ಅದೇ ಮಾತು ನಡೆಯಿತು. ಅಕ್ಕೋರು ಒಳಗೆ ಒಬ್ಬರೇ ಇದ್ದರು. ನಾನು ಹೋಗಿ ಹತ್ತಿರ ಕುಳಿತೆ.

ಆಗ ಸಾಹುಕಾರರು ಬಂದರು. ಬಾಗಿಲಲ್ಲಿ ನಿಂತು ಮಾತೆಲ್ಲ ಕೇಳಿಸಿಕೊಂಡರು.

“ಹನುಮಸಾಗರದಾಗ ನಮ್ಮ ಹೊಲ ಐತಿ,” ಎಂದರು. “ನಮ್ಮವ್ವನ್ನ ಇಟ್ಟೀವಿ ಅಲ್ಲಿ. ಬಾಜೂಕ ಜಾಗ ಐತಿ. ಒಯ್ಯೂಣು.”

ಅಕ್ಕೋರು ಇದನ್ನು ಒಪ್ಪುತ್ತಿದ್ದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲು ಅವರಿರಲಿಲ್ಲ, ಬೇಡವೆನ್ನಲು ನನ್ನ ಬಳಿ ಬೇರೆ ಜಾಗವಿರಲಿಲ್ಲ. ಹೊತ್ತು ಇಳಿಯುವ ಮುಂಚೆ ಅಲ್ಲಿಗೆ ತಲುಪಿದೆವು. ಕಡಲೆ ಬೆಳೆದ ಹೊಲ. ಬದುವಿನ ಪಕ್ಕ ಬೇವಿನ ಗಿಡದ ಕೆಳಗೆ ತಾಯಿಯ ಸಮಾಧಿ. ಅದಕ್ಕೆ ತಾಗಿದಂತೆ ಇಬ್ಬರು ಕುಣಿ ತೋಡುತ್ತಿದ್ದರು. ಬಂದವರು ನಾವು ಐದಾರು ಜನ. ಅಳುವವರು ಇಲ್ಲದ್ದರಿಂದ ಸಲಿಕೆಯ ಸದ್ದು ದೊಡ್ಡದಾಗಿ ಕೇಳುತ್ತಿತ್ತು.

ತೋಡುತ್ತಿದ್ದವರಲ್ಲಿ ಹಿರಿಯವನು ಮೇಲೆ ಬಂದು ಮೈಮೇಲಿನ ಮಣ್ಣು ಕೊಡವಿಕೊಂಡ. ಬಟ್ಟೆ ಸುತ್ತಿದ ದೇಹವನ್ನು ನೋಡಿದ, ಪಕ್ಕದ ಸಮಾಧಿಯನ್ನು ನೋಡಿದ.

“ಇವರು ನಿಮಗ ಏನಾಗಬೇಕ್ರಿ ಸಾವುಕಾರ್ರ?” ಎಂದು ಕೇಳಿದ.

ಸಾಹುಕಾರರು ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ನಮ್ಮವ್ವನ್ನ ಬಲ್ಲೋರು,” ಎಂದರು. “ಇವರೊಬ್ರ ಉಳದಿದ್ರು.”